ಆಟದ ಗಣಕ ಮತ್ತು ಅದರ ಭಾಗಗಳ ಹೊಂದಿಕೆ

ಗಣಕಯಂತ್ರವನ್ನು ಪಡೆಯುವುದಕ್ಕೆ ಎರಡು ಮಾರ್ಗಗಳುಂಟು. ತಯಾರಾದ ಯಂತ್ರವನ್ನು ಅಂಗಡಿಯಿಂದ ಹಾಗೆಯೇ ಮನೆಗೆ ತರುವುದು ಒಂದು. ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಆರಿಸಿ ಕೊಂಡು ತಾನೇ ಜೋಡಿಸಿಕೊಳ್ಳುವುದು ಇನ್ನೊಂದು. ವಿಡಿಯೋ ಆಟಗಳಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡನೆಯದನ್ನೇ ಬಯಸುತ್ತಾರೆ. ಆಟಕ್ಕೆ ಅವಶ್ಯವಾದ ಭಾಗಕ್ಕೆ ಹೆಚ್ಚು ಹಣವನ್ನೂ ಅವಶ್ಯವಲ್ಲದ ಭಾಗಕ್ಕೆ ಕಡಮೆ ಹಣವನ್ನೂ ವಿನಿಯೋಗಿಸುವ ಸ್ವಾತಂತ್ರ್ಯ ಅದರಲ್ಲಿ ದೊರೆಯುವುದೇ ಇದಕ್ಕೆ ಕಾರಣ. ಆದರೆ ಸ್ವಾತಂತ್ರ್ಯದ ಬೆನ್ನ ಹಿಂದೆಯೇ ಹೊಣೆಯೂ ಬರುತ್ತದೆ. ತಯಾರಾದ ಯಂತ್ರವು ನಡೆಯದಿದ್ದರೆ ಮಾರಿದವನು ಉತ್ತರ ಹೇಳಬೇಕು. ನಾವೇ ಆರಿಸಿದ ಏಳು ಭಾಗಗಳು ಒಂದಕ್ಕೊಂದು ಹೊಂದದೆ ಹೋದರೆ, ಒಂದೊಂದು ಭಾಗವನ್ನು ಮಾರಿದವನೂ ತನ್ನ ಭಾಗ ಸರಿಯಾಗಿಯೇ ಇದೆಯೆನ್ನುತ್ತಾನೆ. ಅವನು ಹೇಳುವುದು ನಿಜವೂ ಆಗಿರುತ್ತದೆ! ಪೆಟ್ಟಿಗೆಯ ಮೊಹರು ಒಡೆದ ಮೇಲೆ ಸಾಮಾನನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಂಗಡಿಗಳು ವಿರಳ. ಮನೆಯವರು ಎಷ್ಟೋ ತಿಂಗಳು ಕೂಡಿಟ್ಟ ಹಣ ಒಂದು ಮಧ್ಯಾಹ್ನದಲ್ಲಿ ನಿರುಪಯೋಗವಾಗುವ ಸಂಭವವಿರುವುದರಿಂದ, ಹೊಂದಿಕೆಯನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಪರೀಕ್ಷಿಸಿಕೊಳ್ಳತಕ್ಕದ್ದು.

ಆ ಏಳು ಭಾಗಗಳು ಯಾವುವೆಂದರೆ: ಲೆಕ್ಕಮಾಡುವ ಪ್ರೊಸೆಸರು, ಉಳಿದವನ್ನೆಲ್ಲ ಹೊತ್ತು ಅವುಗಳಿಗೆ ಪರಸ್ಪರ ಸಂಪರ್ಕ ಕಲ್ಪಿಸುವ ಮದರ್‌ಬೋರ್ಡು, ಕೆಲಸ ನಡೆಯುತ್ತಿರುವಷ್ಟು ಹೊತ್ತು ಮಾತ್ರ ವಿಷಯವನ್ನು ನೆನಪಿಡುವ ರ‍್ಯಾಮ್, ವಿದ್ಯುತ್ತು ಹೋದ ಮೇಲೂ ನೆನಪಿಡುವ ಎಸ್.ಎಸ್.ಡಿ.; ಪರದೆಯ ಮೇಲಿನ ಚಿತ್ರವನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡು; ಗೋಡೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12 ವೋಲ್ಟ್ ಮತ್ತು ಅದಕ್ಕೂ ಕಡಮೆಯ ನೇರ ವಿದ್ಯುತ್ತಾಗಿ ಮಾರ್ಪಡಿಸುವ ಎಸ್.ಎಂ.ಪಿ.ಎಸ್.; ಕೊನೆಗೆ, ಇವೆಲ್ಲಕ್ಕೂ ಮನೆಯಾದ ಕ್ಯಾಬಿನೆಟ್ಟು.

ವಿವೇಚನೆಗೆ ಒಂದು ನಿಜವಾದ ಉದಾಹರಣೆಯಿದ್ದರೆ ಅನುಕೂಲ. ಎ.ಎಂ.ಡಿ. ಸಂಸ್ಥೆಯು 2022ರಲ್ಲಿ ಹೊರತಂದ ರೈಜೆನ್ 5 5600 ಎಂಬ ಆರು ಅಂತರ್ಭಾಗಗಳ ಪ್ರೊಸೆಸರನ್ನೂ ಅದೇ ಸಂಸ್ಥೆಯ 2021ರ ರೇಡಿಯಾನ್ ಆರ್‌ಎಕ್ಸ್ 6600 ಎಂಬ ಗ್ರಾಫಿಕ್ಸ್ ಕಾರ್ಡನ್ನೂ ತೆಗೆದುಕೊಳ್ಳೋಣ. ಅಲ್ಪ ವೆಚ್ಚದಲ್ಲಿ ಆಟದ ಗಣಕವನ್ನು ಕಟ್ಟಿದ ಅನೇಕರು ಇವೆರಡನ್ನೂ ಜೊತೆಯಾಗಿ ಬಳಸಿದ್ದಾರೆ. ಇವನ್ನೇ ಕೊಳ್ಳಬೇಕೆಂದು ನನ್ನ ಅಭಿಪ್ರಾಯವಲ್ಲ. ಅಂಗಡಿಯ ಸಾಮಾನು ಆರಾರು ತಿಂಗಳಿಗೆ ಬದಲಾಗುತ್ತದೆ. ಲೆಕ್ಕದ ಕ್ರಮವಾದರೋ ಅಷ್ಟು ಬೇಗ ಬದಲಾಗುವುದಿಲ್ಲ.

ಮೊದಲನೆಯದು ಆಕಾರದ ಹೊಂದಿಕೆ. ಪ್ರೊಸೆಸರು ಮದರ್‌ಬೋರ್ಡಿನ ಮೇಲೆ ಕೂರುವ ಪೀಠಕ್ಕೆ ಸಾಕೆಟ್ ಎಂದು ಹೆಸರು. ನಮ್ಮ ಉದಾಹರಣೆಯ ಪ್ರೊಸೆಸರಿನ ಕೆಳಗೆ ಕೂದಲೆಳೆಯಂಥ 1331 ಮೊನೆಗಳಿವೆ. ಎಎಂ4 ಎಂಬ ಸಾಕೆಟ್ಟಿನಲ್ಲಿ ಅಷ್ಟೇ ರಂಧ್ರಗಳಿವೆ. 2022ರಲ್ಲಿ ಬಂದ ಎಎಂ5ರಲ್ಲಿ ಸ್ಪರ್ಶಬಿಂದುಗಳು 1718. ಮೊನೆಗಳೂ ಪ್ರೊಸೆಸರನ್ನು ಬಿಟ್ಟು ಬೋರ್ಡಿಗೆ ಬಂದಿವೆ. ಒಂದರದು ಇನ್ನೊಂದರಲ್ಲಿ ಕೂರಲಾರದು. ಇಂಥ ಅಸಂಗತ ಜೋಡಿಯನ್ನು ಕೈಯೇ ಪತ್ತೆಮಾಡಿಬಿಡುತ್ತದೆ. ಆದುದರಿಂದ ಇದು ಅಪಾಯಕಾರಿಯಲ್ಲ.

ಅಪಾಯವಿರುವುದು ಕೂರುವ ವಸ್ತುವಿನಲ್ಲಿ. ಇಂಟೆಲ್ ಸಂಸ್ಥೆಯು 2015ರಲ್ಲಿ 1151 ಸ್ಪರ್ಶಬಿಂದುಗಳ ಸಾಕೆಟ್ಟೊಂದನ್ನು ಬಳಕೆಗೆ ತಂದಿತು. 2017ರ ಉತ್ತರಾರ್ಧದಲ್ಲಿ ಬಂದ ಅದರ ಎಂಟನೆಯ ಪೀಳಿಗೆಯ ಪ್ರೊಸೆಸರುಗಳಲ್ಲಿಯೂ ಸ್ಪರ್ಶಬಿಂದುಗಳು 1151, ಅಳತೆಯೂ ಅದೇ. ಹಳೆಯ ಬೋರ್ಡಿನಲ್ಲಿ ಹೊಸ ಪ್ರೊಸೆಸರು ಸಲೀಸಾಗಿ ಕೂರುತ್ತಿತ್ತು, ಆದರೆ ಕೆಲಸ ಮಾಡುತ್ತಿರಲಿಲ್ಲ. ಕೆಲವು ಬಿಂದುಗಳಿಗೆ ವಹಿಸಿದ್ದ ಕೆಲಸ ಬದಲಾಗಿತ್ತು. ಹೊಸ 300ರ ಶ್ರೇಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕೆಂದು ಸಂಸ್ಥೆಯು ವಿಧಿಸಿತ್ತು. ಆಕಾರದಲ್ಲಿ ಹೊಂದಿದ್ದೆಲ್ಲ ಕೆಲಸದಲ್ಲಿ ಹೊಂದಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಎರಡನೆಯದನ್ನು ಭಾಷೆಯ ಹೊಂದಿಕೆಯೆನ್ನಬಹುದು. ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಮೇಲೆ ಹೇಳಿದ 5600ನ್ನೂ ಬಿ450 ಎಂಬ ಜಾತಿಯ ಬೋರ್ಡೊಂದನ್ನೂ ಕೊಂಡು ಜೋಡಿಸಿ, ಮರುದಿನ ಬಂದು, “ಸರ್, ಎಲ್ಲಾ ಸರಿಯಾಗಿ ಕೂತಿದೆ, ಫ್ಯಾನೂ ತಿರುಗುತ್ತೆ, ಆದ್ರೆ ಪರದೆ ಕಪ್ಪಗೇ ಇದೆ” ಎಂದನು. ಸಾಕೆಟ್ಟು ಎಎಂ4, ಪ್ರೊಸೆಸರೂ ಎಎಂ4. ದೋಷವೆಲ್ಲಿತ್ತು? ಬೋರ್ಡಿನ ಮೇಲಿರುವ ಪುಟ್ಟ ಚಿಪ್ಪೊಂದರಲ್ಲಿ ಬಯಾಸ್ ಎಂಬ ಕಾರ್ಯಕ್ರಮವಿರುತ್ತದೆ. ಯಂತ್ರಕ್ಕೆ ಜೀವ ಬಂದೊಡನೆ ನಡೆಯುವುದು ಇದೇ. ಯಾವ ಪ್ರೊಸೆಸರು ಕುಳಿತಿದೆಯೆಂದು ಗುರುತಿಸುವುದೂ ಇದರ ಕೆಲಸವೇ. ಬಿ450 ಬೋರ್ಡುಗಳು ಹೊರಬಂದದ್ದು 2018ರಲ್ಲಿ. ಆ ಬೋರ್ಡು ಕಾರ್ಖಾನೆಯನ್ನು ಬಿಟ್ಟಾಗ 5600 ಎಂಬುದು ಇನ್ನೂ ಹುಟ್ಟಿಯೇ ಇರಲಿಲ್ಲ; ಅದರ ಪರಿಚಯ ಬಯಾಸಿಗೆ ಇರುವುದಾದರೂ ಹೇಗೆ? ಹಳೆಯ ರೈಜೆನ್ ಪ್ರೊಸೆಸರೊಂದನ್ನು ಸ್ನೇಹಿತನಿಂದ ಎರವಲು ತಂದು ಕೂರಿಸಿ, ಬಯಾಸನ್ನು ಹೊಸದಾಗಿಸಿ, ಮತ್ತೆ 5600ನ್ನು ಇಟ್ಟಾಗ ಪರದೆ ಬೆಳಗಿತು. ಅಷ್ಟರಲ್ಲಿ ಆ ಹುಡುಗನು ಬೋರ್ಡು ಕೆಟ್ಟಿದೆಯೆಂದು ನಂಬಿ, ಇನ್ನೊಂದನ್ನು ಕೊಳ್ಳಲು ಸಾಲ ಕೇಳುವುದರಲ್ಲಿದ್ದನು.

ಈ ಸಂಗತಿಗೆ ಒಂದು ಸ್ವಾರಸ್ಯವಾದ ಹಿನ್ನೆಲೆಯಿದೆ. 2020ರ ಮೇ ತಿಂಗಳಲ್ಲಿ ಎ.ಎಂ.ಡಿ. ಸಂಸ್ಥೆಯು ತನ್ನ ಮುಂದಿನ ಪ್ರೊಸೆಸರುಗಳಿಗೆ 400ರ ಶ್ರೇಣಿಯ ಹಳೆಯ ಬೋರ್ಡುಗಳಲ್ಲಿ ಆಸ್ಪದವಿಲ್ಲವೆಂದು ಪ್ರಕಟಿಸಿತು. ಬಯಾಸ್ ಚಿಪ್ಪಿನಲ್ಲಿ ಸ್ಥಳ ಸಾಲದೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಬೋರ್ಡುಗಳನ್ನು ಕೊಂಡಿದ್ದವರು ತೀವ್ರವಾಗಿ ಆಕ್ಷೇಪಿಸಿದುದರಿಂದ ಅದೇ ತಿಂಗಳಲ್ಲಿ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಇಂದು ಆ ಜೋಡಿ ಸಾಧ್ಯವಾಗಿರುವುದು ಇದರ ಫಲ. ಕೊಳ್ಳುವವನು ಬೋರ್ಡಿನ ತಯಾರಕರು ಪ್ರಕಟಿಸುವ ಪ್ರೊಸೆಸರುಗಳ ಪಟ್ಟಿಯನ್ನು ತೆರೆದು, ತನ್ನ ಪ್ರೊಸೆಸರಿನ ಎದುರಿಗೆ ಬಯಾಸಿನ ಯಾವ ಸಂಖ್ಯೆ ನಮೂದಾಗಿದೆಯೆಂದು ನೋಡತಕ್ಕದ್ದು. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರು ಇಲ್ಲದೆಯೇ ಪೆನ್ ಡ್ರೈವಿನಿಂದ ಬಯಾಸನ್ನು ಹೊಸದಾಗಿಸುವ ಗುಂಡಿಯಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬೋರ್ಡನ್ನೂ ಪ್ರೊಸೆಸರನ್ನೂ ಒಂದೇ ಅಂಗಡಿಯಲ್ಲಿ ಕೊಂಡು, ಎದುರಿಗೇ ಚಾಲೂ ಮಾಡಿ ತೋರಿಸಿರೆಂದು ಕೇಳುವುದು ಇನ್ನೂ ಸುಲಭ.

ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವನ್ನೂ ಅಲಕ್ಷಿಸಬಾರದು. 5600ಕ್ಕೆ ಚಿತ್ರ ಬಿಡಿಸುವ ಸ್ವಂತ ಶಕ್ತಿಯಿಲ್ಲ. 5600ಜಿ ಎಂಬುದಕ್ಕೆ ಉಂಟು. ಹಣ ಸಾಲದ ಕಾರಣ ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷ ಕೊಳ್ಳೋಣವೆನ್ನುವವನಿಗೆ ಈ ಒಂದು ಅಕ್ಷರವೇ ಸರ್ವಸ್ವ. ಇಂಟೆಲ್‌ನವರ ಪ್ರೊಸೆಸರುಗಳಲ್ಲಿ ಎಫ್ ಎಂಬ ಅಕ್ಷರವಿದ್ದರೆ ಸ್ವಂತ ಶಕ್ತಿಯಿಲ್ಲವೆಂದು ಅರ್ಥ.

ರ‍್ಯಾಮಿನ ವಿಷಯ. ಡಿಡಿಆರ್4 ಮತ್ತು ಡಿಡಿಆರ್5 ಎರಡರಲ್ಲಿಯೂ 288 ಸ್ಪರ್ಶಪಟ್ಟಿಗಳೇ ಇವೆ; ಉದ್ದವೂ ಒಂದೇ. ಆದರೆ ಒಂದು 1.2 ವೋಲ್ಟಿನಲ್ಲಿಯೂ ಇನ್ನೊಂದು 1.1 ವೋಲ್ಟಿನಲ್ಲಿಯೂ ನಡೆಯುತ್ತದೆ. ಇಲ್ಲಿ ತಯಾರಕರು ವಿವೇಕದಿಂದ ಅಂಚಿನ ಕಚ್ಚನ್ನು ಬೇರೆ ಬೇರೆ ಜಾಗದಲ್ಲಿಟ್ಟಿರುವುದರಿಂದ ತಪ್ಪು ಪಟ್ಟಿ ಒಳಗಿಳಿಯುವುದಿಲ್ಲ. ಬಲಪ್ರಯೋಗ ಮಾಡಿದರೆ ಮುರಿಯುತ್ತದೆ, ಅಷ್ಟೆ. ಎಎಂ4ಕ್ಕೆ ಡಿಡಿಆರ್4, ಎಎಂ5ಕ್ಕೆ ಡಿಡಿಆರ್5 ಎಂಬುದು ನಿಶ್ಚಿತ. ಇಂಟೆಲ್‌ನವರ 1700 ಬಿಂದುಗಳ ಸಾಕೆಟ್ಟಿಗಾದರೋ ಎರಡು ಬಗೆಯ ಬೋರ್ಡುಗಳೂ ಬಂದಿರುವುದರಿಂದ ಬೋರ್ಡಿನ ಪೂರ್ಣ ಹೆಸರನ್ನು ಓದಬೇಕು.

16 ಗಿಗಾಬೈಟ್ ಬೇಕಾದಾಗ 16ರ ಒಂದೇ ಪಟ್ಟಿಯನ್ನು ತರುವುದಕ್ಕಿಂತ 8ರ ಎರಡು ಪಟ್ಟಿಗಳನ್ನು ತರುವುದು ಮೇಲು. ಡಿಡಿಆರ್4-3200 ಎಂಬುದು ಸೆಕೆಂಡಿಗೆ 320 ಕೋಟಿ ಸಲ, ಪ್ರತಿಸಲ 8 ಬೈಟುಗಳಂತೆ ಸಾಗಿಸುತ್ತದೆ. ಎಂದರೆ ಸೆಕೆಂಡಿಗೆ 25.6 ಗಿಗಾಬೈಟು. ಪಟ್ಟಿಗಳು ಎರಡಿದ್ದು ಬೇರೆ ಬೇರೆ ಚಾನೆಲುಗಳಲ್ಲಿ ಕೂತರೆ ಎರಡು ಬಾಗಿಲುಗಳಿಂದ ಏಕಕಾಲದಲ್ಲಿ ಸಾಮಾನು ಸಾಗಿಸಿದಂತಾಗಿ 51.2 ಆಗುತ್ತದೆ. ಎರಡು ಪಟ್ಟಿಗಳು ಪಕ್ಕಪಕ್ಕದಲ್ಲಿ ಕೂರಬೇಕಾದವಲ್ಲ. ನಾಲ್ಕು ಸ್ಥಾನಗಳಿರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳು. ಮೇಲಾಗಿ, ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲನೆಗೆ ತರುವವರೆಗೆ ಅನೇಕ ಪಟ್ಟಿಗಳು ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗಕ್ಕಿಂತ ಕಡಮೆ ವೇಗದಲ್ಲಿಯೇ ನಡೆಯುತ್ತಿರುತ್ತವೆ.

ಈಗ ವಿದ್ಯುತ್ತಿನ ವಿಚಾರಕ್ಕೆ ಬರೋಣ. ಉಳಿದ ತಪ್ಪುಗಳಿಂದ ಯಂತ್ರ ನಡೆಯದೆ ಹೋಗಬಹುದು. ಇಲ್ಲಿನ ತಪ್ಪಿನಿಂದ ಉಳಿದ ಭಾಗಗಳೆಲ್ಲ ಸುಟ್ಟುಹೋಗಬಹುದು. ಇಷ್ಟಾದರೂ, ಹಣವನ್ನು ಉಳಿಸಬೇಕಾದಾಗ ಎಲ್ಲರ ಕತ್ತರಿಯೂ ಮೊದಲು ಬೀಳುವುದು ಎಸ್.ಎಂ.ಪಿ.ಎಸ್. ಮೇಲೆಯೇ, ಏಕೆಂದರೆ ಅದು ಆಟದಲ್ಲಿ ಕಾಣಿಸುವುದಿಲ್ಲ.

ಸಾಮರ್ಥ್ಯವು ವಿಭವಾಂತರ ಮತ್ತು ಪ್ರವಾಹಗಳ ಗುಣಲಬ್ಧವೆಂದು ಓದುಗರು ತರಗತಿಯಲ್ಲಿ ಕಲಿತಿದ್ದಾರಷ್ಟೆ. ಆರ್‌ಎಕ್ಸ್ 6600 ಕಾರ್ಡಿಗೆ ತಯಾರಕರು ಹೇಳುವ ಬೇಡಿಕೆ 132 ವಾಟ್. ಪ್ರೊಸೆಸರಿನ ಮೇಲೆ ನಮೂದಾಗಿರುವುದು 65 ವಾಟ್. ಭಾರಿ ಕೆಲಸದಲ್ಲಿ ಅದಕ್ಕಿಂತ ಕೊಂಚ ಹೆಚ್ಚನ್ನು ಎಳೆಯುವುದರಿಂದ 80 ಎಂದಿಟ್ಟುಕೊಳ್ಳೋಣ. ಬೋರ್ಡು, ರ‍್ಯಾಮ್, ಎಸ್.ಎಸ್.ಡಿ., ಫ್ಯಾನುಗಳಿಗೆ ಧಾರಾಳವಾಗಿ 50. ಒಟ್ಟು ಸುಮಾರು 260 ವಾಟ್. ಇದರ ಬಹುಭಾಗವೂ 12 ವೋಲ್ಟಿನ ಮಾರ್ಗದಿಂದಲೇ ಬರಬೇಕು; 260ನ್ನು 12ರಿಂದ ಭಾಗಿಸಿದರೆ ಸುಮಾರು 22 ಆಂಪೇರ್. ಗ್ರಾಫಿಕ್ಸ್ ಕಾರ್ಡುಗಳು ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲುಗಳಷ್ಟು ಹೊತ್ತು ಸರಾಸರಿಗಿಂತ ಬಹಳ ಹೆಚ್ಚು ಪ್ರವಾಹವನ್ನು ಎಳೆಯುವ ಸ್ವಭಾವದವು. ಇದನ್ನೂ ಗಣನೆಗೆ ತೆಗೆದುಕೊಂಡರೆ 450ರಿಂದ 550 ವಾಟಿನ ಪ್ರಾಮಾಣಿಕವಾದ ಎಸ್.ಎಂ.ಪಿ.ಎಸ್. ಸಾಕು.

ಪ್ರಾಮಾಣಿಕವೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುವ ವಾಟುಗಳನ್ನು ನಂಬದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುವ ಕೋಷ್ಟಕವನ್ನು ಓದಬೇಕು. 450 ವಾಟೆಂದು ಹೆಸರಿಟ್ಟುಕೊಂಡು, ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ 15 ಆಂಪೇರ್ ಎಂದು ಬರೆದಿದ್ದರೆ ಅದರಿಂದ ನಮಗೆ ದೊರೆಯುವುದು 180 ವಾಟ್ ಮಾತ್ರ. ಉಳಿದದ್ದು 5 ಮತ್ತು 3.3 ವೋಲ್ಟಿನ ಮಾರ್ಗಗಳಲ್ಲಿದೆ. ಇಂದಿನ ಯಂತ್ರಕ್ಕೆ ಅದು ಅಷ್ಟಾಗಿ ಬೇಕಿಲ್ಲ. ಕಾರ್ಯದಕ್ಷತೆ ಶೇಕಡ 85 ಎಂದಿಟ್ಟುಕೊಂಡರೆ 260 ವಾಟ್ ಕೊಡುವುದಕ್ಕೆ ಗೋಡೆಯಿಂದ 306 ವಾಟ್ ಎಳೆಯಬೇಕು; ನಡುವಣ 46 ವಾಟ್ ಆ ಪೆಟ್ಟಿಗೆಯೊಳಗೇ ಶಾಖವಾಗುತ್ತದೆ. ದಕ್ಷತೆ ಕಡಮೆಯಾದಷ್ಟೂ ಈ ಶಾಖ ಹೆಚ್ಚು, ಅದರೊಳಗಿನ ಕೆಪಾಸಿಟರುಗಳ ಆಯುಷ್ಯ ಕಡಮೆ.

ಇನ್ನು ತಂತಿಗಳು. ಗ್ರಾಫಿಕ್ಸ್ ಕಾರ್ಡು ಕೂರುವ ಸ್ಥಾನವೇ 75 ವಾಟಿನವರೆಗೆ ಒದಗಿಸಬಲ್ಲುದು; ಅದಕ್ಕೆ ಮೀರಿದ್ದು ಪ್ರತ್ಯೇಕ ತಂತಿಯಿಂದ ಬರಬೇಕು. ಆರು ಮೊನೆಯ ಪ್ಲಗ್ಗಿಗೆ 75, ಎಂಟು ಮೊನೆಯದಕ್ಕೆ 150 ವಾಟ್ ಎಂದು ನಿಯಮ. ಅಗ್ಗದ ಎಸ್.ಎಂ.ಪಿ.ಎಸ್.ನಲ್ಲಿ ಎಂಟು ಮೊನೆಯ ಪ್ಲಗ್ಗಿಲ್ಲದಿದ್ದರೆ ಹಳೆಯ ನಾಲ್ಕು ಮೊನೆಯ ಪ್ಲಗ್ಗಿನಿಂದ ಪರಿವರ್ತಿಸುವ ತುಂಡು ತಂತಿಯನ್ನು ಮಾರುವವರಿದ್ದಾರೆ. ಆ ಹಳೆಯ ಪ್ಲಗ್ಗಿನಲ್ಲಿ 12 ವೋಲ್ಟಿನ ತಂತಿ ಒಂದೇ ಒಂದು. ಅದರ ಮೂಲಕ 100 ವಾಟ್ ಹೋಗಬೇಕಾದರೆ ಪ್ರವಾಹ 8.3 ಆಂಪೇರ್. ಸಂಧಿಯು ಸಡಿಲವಾಗಿ 0.05 ಓಮ್ ರೋಧವಿದ್ದರೆ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಲಾಗಿ ಸುಮಾರು ಮೂರೂವರೆ ವಾಟ್. ಇದು ಅಲ್ಪವೆಂದು ತೋರಬಹುದು. ಆದರೆ ಅದು ಹುಟ್ಟುವುದು ಅಕ್ಕಿಕಾಳಿನಷ್ಟು ಜಾಗದಲ್ಲಿ, ಅದೂ ಪ್ಲಾಸ್ಟಿಕ್ಕಿನ ಗೂಡೊಳಗೆ. ಪ್ಲಗ್ಗು ಕರಗಿ ಅಂಟಿಕೊಳ್ಳುವುದು ಹೀಗೆ.

ತಂತಿಗಳನ್ನು ಬಿಚ್ಚಿ ತೆಗೆಯಬಹುದಾದ ಎಸ್.ಎಂ.ಪಿ.ಎಸ್.ಗಳಲ್ಲಿ ಇನ್ನೊಂದು ಗಂಡಾಂತರವಿದೆ. ತಂತಿಯ ಯಂತ್ರದ ಕಡೆಯ ತುದಿಗೆ ಎಲ್ಲರೂ ಒಪ್ಪಿದ ಕ್ರಮವುಂಟು, ಎಸ್.ಎಂ.ಪಿ.ಎಸ್. ಕಡೆಯ ತುದಿಗೆ ಅಂಥ ಕ್ರಮವಿಲ್ಲ. ಒಬ್ಬ ತಯಾರಕನ ತಂತಿ ಇನ್ನೊಬ್ಬನ ಪೆಟ್ಟಿಗೆಯಲ್ಲಿ ಸರಿಯಾಗಿ ಕೂರಬಹುದು, 5 ವೋಲ್ಟ್ ಹೋಗಬೇಕಾದ ಕಡೆಗೆ 12 ವೋಲ್ಟನ್ನು ಕಳಿಸಲೂಬಹುದು. ಡಿಸ್ಕು ಸುಟ್ಟಿತೆಂದರೆ ಅದರೊಳಗಿದ್ದ ವಿಷಯವೂ ಹೋಯಿತು. ಹಳೆಯ ತಂತಿಗಳನ್ನು ಹೊಸ ಪೆಟ್ಟಿಗೆಗೆ ಎಂದೂ ಬಳಸಬಾರದು. ಪೆಟ್ಟಿಗೆಯನ್ನಂತೂ ತೆರೆಯಲೇಬಾರದು, 230 ವೋಲ್ಟಿನ ಶಿಖರ ಬೆಲೆ 325 ವೋಲ್ಟ್, ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೂ ಕೆಲಹೊತ್ತು ಆ ಮಟ್ಟದ ವಿಭವವನ್ನು ಹಿಡಿದಿಟ್ಟುಕೊಳ್ಳಬಲ್ಲವು.

ಇಷ್ಟೂ ಸರಿಯಾದರೆ ಯಂತ್ರ ನಡೆಯುತ್ತದೆ. ಚೆನ್ನಾಗಿ ನಡೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆಟದಲ್ಲಿ ಪರದೆಯ ಮೇಲೆ ಬರುವ ಒಂದೊಂದು ಚಿತ್ರಕ್ಕೂ ಎರಡು ಹಂತದ ಕೆಲಸವಿದೆ. ಯಾವ ವಸ್ತು ಎಲ್ಲಿದೆ, ಎದುರಾಳಿ ಏನು ಮಾಡುತ್ತಾನೆ, ಚೆಂಡು ಗೋಡೆಗೆ ತಾಗಿತೆ ಎಂಬುದನ್ನು ಪ್ರೊಸೆಸರು ಲೆಕ್ಕಹಾಕುತ್ತದೆ. ಪ್ರತಿಯೊಂದು ಚಿತ್ರಬಿಂದುವಿಗೂ ಯಾವ ಬಣ್ಣವೆಂಬುದನ್ನು ಗ್ರಾಫಿಕ್ಸ್ ಕಾರ್ಡು ನಿರ್ಧರಿಸುತ್ತದೆ. ಇದು ಒಬ್ಬರು ರೊಟ್ಟಿ ತಟ್ಟಿ ಇನ್ನೊಬ್ಬರು ಬೇಯಿಸಿದಂತೆ. ತಟ್ಟುವವರು ಎಷ್ಟು ಚುರುಕಾದರೂ ಹಂಚು ಒಂದೇ ಆದರೆ ರೊಟ್ಟಿಗಳು ಹಂಚಿನ ವೇಗದಲ್ಲಿಯೇ ಬರುತ್ತವೆ. ಪ್ರೊಸೆಸರಿಗೆ ಒಂದು ಚಿತ್ರಕ್ಕೆ 8 ಮಿಲಿಸೆಕೆಂಡೂ ಕಾರ್ಡಿಗೆ 14 ಮಿಲಿಸೆಕೆಂಡೂ ಹಿಡಿಯುವುದೆನ್ನೋಣ. ಸೆಕೆಂಡಿಗೆ ಸುಮಾರು 71 ಚಿತ್ರಗಳು ಬರುತ್ತವೆ. ಹೆಚ್ಚು ಹಣ ತೆತ್ತು 5 ಮಿಲಿಸೆಕೆಂಡಿನ ಪ್ರೊಸೆಸರನ್ನು ತಂದರೂ ಅದೇ 71.

ಪರದೆಯೂ ಈ ಲೆಕ್ಕದಲ್ಲಿ ಪಾಲುಗಾರ. 1920ಕ್ಕೆ 1080ರ ಪರದೆಯಲ್ಲಿ ಬಿಂದುಗಳು 20,73,600. 2560ಕ್ಕೆ 1440ರದರಲ್ಲಿ 36,86,400, ಎಂದರೆ 1.78 ಪಟ್ಟು. ಪ್ರೊಸೆಸರಿನ ಕೆಲಸ ಇದರಿಂದ ಬಹುಮಟ್ಟಿಗೆ ಹೆಚ್ಚುವುದಿಲ್ಲ. ಕಾರ್ಡಿನ 14 ಮಿಲಿಸೆಕೆಂಡು ಮಾತ್ರ 25ರ ಸಮೀಪಕ್ಕೆ ಹೋಗಿ ಚಿತ್ರಗಳು 40ಕ್ಕೆ ಇಳಿಯುತ್ತವೆ. ಇತ್ತ 60 ಹರ್ಟ್ಸಿನ ಪರದೆಯು 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಚಿತ್ರವನ್ನು ಬದಲಿಸುವುದರಿಂದ, ಅದರ ಮುಂದೆ ಕುಳಿತವನು ಸೆಕೆಂಡಿಗೆ 71 ಚಿತ್ರಗಳಿದ್ದರೂ 120 ಇದ್ದರೂ ಕಾಣುವುದು 60ನ್ನೇ. ಆದುದರಿಂದ ಮನೆಯಲ್ಲಿರುವ ಪರದೆಯನ್ನು ಮೊದಲು ನೋಡಿ, ಅದಕ್ಕೆ ತಕ್ಕ ಕಾರ್ಡನ್ನು, ಕಾರ್ಡಿಗೆ ತಕ್ಕ ಪ್ರೊಸೆಸರನ್ನು ಆರಿಸುವುದು ಮಿತವ್ಯಯದ ಕ್ರಮ. ಅಂಗಡಿಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಇದಕ್ಕೆ ವಿರುದ್ಧ.

ಕಾರ್ಡು ಮತ್ತು ಬೋರ್ಡುಗಳ ನಡುವಣ ದಾರಿಯಲ್ಲಿಯೂ ಇಕ್ಕಟ್ಟು ಉಂಟಾಗಬಹುದು. ಈ ದಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂದು ಹೆಸರು. ಮೂರನೆಯ ಪೀಳಿಗೆಯಲ್ಲಿ ಒಂದೊಂದು ಓಣಿಯೂ ಸೆಕೆಂಡಿಗೆ ಸುಮಾರು 1 ಗಿಗಾಬೈಟನ್ನೂ ನಾಲ್ಕನೆಯದರಲ್ಲಿ ಸುಮಾರು 2 ಗಿಗಾಬೈಟನ್ನೂ ಸಾಗಿಸುತ್ತದೆ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಅಗ್ಗದ ಕಾರ್ಡಿಗೆ ಇರುವುದು ನಾಲ್ಕೇ ಓಣಿ. ಸ್ವಂತ ಸ್ಮೃತಿ 4 ಗಿಗಾಬೈಟು. ಆಟಕ್ಕೆ ಅದು ಸಾಲದಾದಾಗ ಉಳಿದದ್ದನ್ನು ಈ ಓಣಿಗಳ ಮೂಲಕ ರ‍್ಯಾಮಿನಿಂದ ತರಬೇಕು. ಬಿ450ರಂಥ ಮೂರನೆಯ ಪೀಳಿಗೆಯ ಬೋರ್ಡಿನಲ್ಲಿ ದಾರಿ ಅರ್ಧಕ್ಕೆ ಇಳಿಯುವುದರಿಂದ ಆಟ ಎಡವತೊಡಗುತ್ತದೆ. ಹಳೆಯ ಬೋರ್ಡು ಇದ್ದವರೇ ಅಗ್ಗದ ಕಾರ್ಡನ್ನು ಹುಡುಕುವವರು. ಈ ಕಾರ್ಡು ಅವರಿಗೇ ಕಡಮೆ ಒಗ್ಗುತ್ತಿತ್ತು! 6600ಕ್ಕೆ ಎಂಟು ಓಣಿಗಳೂ 8 ಗಿಗಾಬೈಟ್ ಸ್ಮೃತಿಯೂ ಇರುವುದರಿಂದ ಬಿ450ರಲ್ಲಿಯೂ ನಷ್ಟ ಅಲ್ಪ.

ಉಷ್ಣದ ವಿಚಾರವನ್ನು ಓಮನ ನಿಯಮದಂತೆಯೇ ಎಣಿಸಬಹುದು. ಪ್ರೊಸೆಸರಿನ ಕೂಲರಿಗೆ ವಾಟಿಗೆ ಅರ್ಧ ಡಿಗ್ರಿಯ ಉಷ್ಣರೋಧವಿದ್ದರೆ, 80 ವಾಟಿಗೆ ಪ್ರೊಸೆಸರು ಸುತ್ತಣ ಗಾಳಿಗಿಂತ 40 ಡಿಗ್ರಿ ಮೇಲಿರುತ್ತದೆ. ಮಡಿಕೇರಿಯಲ್ಲಿ ಗಾಳಿ 22 ಡಿಗ್ರಿಯಿದ್ದ ದಿನ ಅದು 62. ರಾಯಚೂರಿನ ಬೇಸಗೆಯಲ್ಲಿ ಗಾಳಿ 42 ಇದ್ದಾಗ 82. ಕ್ಯಾಬಿನೆಟ್ಟಿನ ಮುಂಭಾಗ ಪೂರ್ತಿ ಗಾಜಾಗಿದ್ದರೆ ಒಳಗಿನ ಗಾಳಿ ಕೋಣೆಯ ಗಾಳಿಗಿಂತಲೂ ಬಿಸಿಯಾಗಿ, ಪ್ರೊಸೆಸರು ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. ನಮ್ಮ ಬಯಲುಸೀಮೆಗೆ ಬಣ್ಣದ ದೀಪಗಳ ಗಾಜಿನ ಪೆಟ್ಟಿಗೆಗಿಂತ ಜಾಲರಿಯ ಪೆಟ್ಟಿಗೆ ಲೇಸು.

ಕ್ಯಾಬಿನೆಟ್ಟಿನ ಅಳತೆಗಳನ್ನು ನೋಡುವುದು ಕಷ್ಟವಲ್ಲ. ಎಟಿಎಕ್ಸ್ ಬೋರ್ಡು 305ಕ್ಕೆ 244 ಮಿಲಿಮೀಟರ್. ಮೈಕ್ರೋ ಎಟಿಎಕ್ಸ್ 244ಕ್ಕೆ 244. ಚಿಕ್ಕದು ದೊಡ್ಡ ಪೆಟ್ಟಿಗೆಯಲ್ಲಿ ಕೂರುತ್ತದೆ. ಕಾರ್ಡಿನ ಉದ್ದ, ಕೂಲರಿನ ಎತ್ತರಗಳಿಗೆ ಎಷ್ಟು ಅವಕಾಶವಿದೆಯೆಂಬುದನ್ನು ಕ್ಯಾಬಿನೆಟ್ಟಿನ ತಯಾರಕರು ಬರೆದಿರುತ್ತಾರೆ. ಎಸ್.ಎಸ್.ಡಿ.ಯಲ್ಲಿ ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದರೊಳಗೆ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಭಾಷೆಗಳಿರುವುದರಿಂದ ಬೋರ್ಡಿನ ಸ್ಥಾನಕ್ಕೆ ಯಾವುದು ಅರ್ಥವಾಗುತ್ತದೆಯೆಂದು ನೋಡಿ ಕೊಳ್ಳಬೇಕು.

ಭಾಗಗಳೆಲ್ಲ ಕೈಸೇರಿದ ಮೇಲೆ ಒಡನೆಯೇ ಕ್ಯಾಬಿನೆಟ್ಟಿಗೆ ಬಿಗಿಯುವ ಆತುರ ಬೇಡ. ಲೋಹದ ವಸ್ತುವೊಂದನ್ನು ಮುಟ್ಟಿ ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು, ಬೋರ್ಡು ಬಂದ ರಟ್ಟಿನ ಪೆಟ್ಟಿಗೆಯ ಮೇಲೆಯೇ ಅದನ್ನಿಟ್ಟು, ಪ್ರೊಸೆಸರು, ಕೂಲರು, ರ‍್ಯಾಮ್, ಕಾರ್ಡುಗಳನ್ನಷ್ಟೇ ಜೋಡಿಸಿ ಚಾಲೂ ಮಾಡಿ ನೋಡಿರಿ. ಬಯಾಸಿನ ಪುಟ ಪರದೆಯ ಮೇಲೆ ಬಂದರೆ ಉಳಿದದ್ದು ತಿರುಪು ಬಿಗಿಯುವ ಕೆಲಸ. ಬಾರದಿದ್ದರೆ, ಬೇರೇನನ್ನೂ ಸಂದೇಹಿಸುವ ಮುಂಚೆ, ಪರದೆಯ ತಂತಿಯನ್ನು ಬೋರ್ಡಿನ ಹಿಂಬದಿಗೆ ಸಿಕ್ಕಿಸದೆ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದ್ದೀರಾ ಎಂದು ನೋಡಿಕೊಳ್ಳಿರಿ. 5600ಕ್ಕೆ ಸ್ವಂತವಾಗಿ ಚಿತ್ರ ಬಿಡಿಸಲು ಬಾರದಷ್ಟೆ.